ಕಾಪಿರೈಟ್ ಹೇಗೂ ನಿಮ್ಮದೇ, ಮುಂದೇನು? ನೋಂದಣಿ, ಕರಾರು, ಮುಕ್ತ ಲೈಸೆನ್ಸ್: ಯಾವುದು ಯಾರಿಗೆ

ಕಥೆ ಬರೆದವರು, ಫೋಟೋ ತೆಗೆದವರು, ಹಾಡು ಕಟ್ಟಿದವರು ಎಲ್ಲರೂ ಮೊದಲು ಕೇಳುವುದು ಇದನ್ನೇ: "ಇದಕ್ಕೆ ಕಾಪಿರೈಟ್ ಮಾಡಿಸಬೇಕಾ?" ಮಾಡಿಸುವುದೇನೂ ಇಲ್ಲ. ನೀವು ಬರೆದು, ಚಿತ್ರಿಸಿ ಅಥವಾ ರೆಕಾರ್ಡ್ ಮಾಡಿ ಮುಗಿಸಿದ ಗಳಿಗೆಯಲ್ಲೇ ಅದು ಬಂದಾಯ್ತು. ಅರ್ಜಿ ಬೇಡ, ಶುಲ್ಕ ಬೇಡ, ವೃತ್ತದೊಳಗೆ ಸಿ ಅಕ್ಷರ ಬರೆದ ಆ ಗುರುತೂ ಬೇಡ. 1886ರ ಬರ್ನ್ ಒಪ್ಪಂದ ಇದಕ್ಕೆ ಆಧಾರ. ಇವತ್ತು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಹಕ್ಕು ಸಿಗಲು ಯಾವ ವಿಧಿವಿಧಾನವನ್ನೂ ಕೇಳಬಾರದು ಎಂಬುದು ಅದರ ಮುಖ್ಯ ನಿಯಮಗಳಲ್ಲಿ ಒಂದು.

ಮೊದಲು ಎಲ್ಲ ಕಡೆ ಹೀಗಿರಲಿಲ್ಲ. ಅಮೆರಿಕ ಈ ಒಪ್ಪಂದಕ್ಕೆ ಸೇರಿದ್ದು 1989ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಪ್ರಕಟವಾಗುವ ಕೃತಿಯ ಮೇಲೆ ಹಕ್ಕಿನ ಸೂಚನೆ ಇರಲೇಬೇಕಿತ್ತು. 1968ರಲ್ಲಿ ತೆರೆಕಂಡ ಒಂದು ಹೆಸರಾಂತ ಹಾರರ್ ಚಿತ್ರದ ಶೀರ್ಷಿಕೆಯನ್ನು ಕೊನೆಗಳಿಗೆಯಲ್ಲಿ ಬದಲಿಸಿದರು. ಹಳೆಯ ಶೀರ್ಷಿಕೆಯ ಜೊತೆ ಇದ್ದ ಆ ಒಂದು ಸಾಲಿನ ಸೂಚನೆ ಹೊಸದರಲ್ಲಿ ಬಿಟ್ಟುಹೋಯಿತು. ಅಷ್ಟಕ್ಕೇ ಚಿತ್ರ ಸಾರ್ವಜನಿಕರ ಪಾಲಾಯಿತು. ಯಾರು ಬೇಕಾದರೂ ಅದರ ಪ್ರತಿ ಮಾಡಿ ಮಾರಿದರು.

ಈಗ ಆ ಭಯ ಇಲ್ಲ. ಈಗಿನ ಪ್ರಶ್ನೆಯೇ ಬೇರೆ. ತಾನಾಗಿ ಬಂದ ಹಕ್ಕನ್ನು ಏನು ಮಾಡಬೇಕು? ಸುಮ್ನೆ ಇಟ್ಟುಕೊಳ್ಳಬಹುದು. ಸರ್ಕಾರಿ ದಾಖಲೆಗೆ ಸೇರಿಸಬಹುದು. ಷರತ್ತು ಹಾಕಿ ಬಳಸಲು ಕೊಡಬಹುದು, ಪೂರ್ತಿ ಬರೆದುಕೊಡಬಹುದು. ಎಲ್ಲರಿಗೂ ತೆರೆದಿಡಬಹುದು, ಇಲ್ಲವೇ ಕೈಬಿಡಬಹುದು. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ದಂಡ. ಹೆಚ್ಚಿನವರು ಕಳ್ಳರ ಚಿಂತೆಯಲ್ಲೇ ಇರುತ್ತಾರೆ. ನನ್ನ ಲೆಕ್ಕದಲ್ಲಿ ಕದ್ದು ಹೋಗುವ ಕೃತಿಗಳಿಗಿಂತ ಓದದೆ ಹಾಕಿದ ಸಹಿಯಲ್ಲಿ ಕೈತಪ್ಪುವ ಕೃತಿಗಳೇ ಜಾಸ್ತಿ. ಹಾಗಾಗಿ ಈ ಬರಹದಲ್ಲಿ ಕರಾರಿನ ಭಾಗವೇ ಉದ್ದವಾಗಿದೆ.

ಮೊದಲು, ಯಾವುದಕ್ಕೆ ಹಕ್ಕಿದೆ?

ಆಯ್ಕೆಗೆ ಇಳಿಯುವ ಮುಂಚೆ ಇದು ಗೊತ್ತಿರಬೇಕು. ಕಾಪಿರೈಟ್ ಕಾಯುವುದು ಹೇಳಿದ ರೀತಿಯನ್ನು. ಹೊಳೆದ ವಿಚಾರವನ್ನು ಅದು ಕಾಯುವುದಿಲ್ಲ. "ನನ್ನ ಐಡಿಯಾ ಕದ್ದರು" ಎಂಬ ದೂರುಗಳಲ್ಲಿ ಬಹುಪಾಲು ಇಲ್ಲೇ ಬಿದ್ದುಹೋಗುತ್ತವೆ.

ಭಾರತದ ಸುಪ್ರೀಂ ಕೋರ್ಟ್ 1978ರಲ್ಲಿ ಇಂಥದ್ದೇ ಒಂದು ಕೇಸು ತೀರ್ಮಾನಿಸಿತು. ಒಬ್ಬ ನಾಟಕಕಾರರು ಪ್ರಾಂತೀಯ ಭೇದಭಾವದ ಬಗ್ಗೆ ನಾಟಕ ಬರೆದಿದ್ದರು. ಅದರ ಕಥೆಯನ್ನು ಒಬ್ಬ ಸಿನಿಮಾ ನಿರ್ಮಾಪಕರಿಗೆ ಹೇಳಿಯೂ ಇದ್ದರು. ಆಮೇಲೆ ಅದೇ ವಿಷಯದ ಸಿನಿಮಾ ಬಂತು. ಕೋರ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿತು. ವಿಷಯ ಒಂದೇ, ಅದನ್ನು ಬೆಳೆಸಿದ ಬಗೆ ಬೇರೆ ಬೇರೆ ಎಂದು ಹೇಳಿ ನಾಟಕಕಾರರ ವಾದ ತಳ್ಳಿಹಾಕಿತು. ಪ್ರೇಕ್ಷಕರು ಎರಡನ್ನೂ ನೋಡಿದರೆ ಒಂದು ಇನ್ನೊಂದರ ನಕಲು ಅನ್ನಿಸುತ್ತದೆಯೇ ಎಂಬುದು ಅಲ್ಲಿ ಕೋರ್ಟ್ ಹಿಡಿದ ಅಳತೆಗೋಲು. ಹಾಗಾಗಿ ಕಥೆಯ ಎಳೆಯನ್ನು ಬಾಯಲ್ಲಿ ಹೇಳಿ ಬರುವವರು ನೆನಪಿಡಿ: ಹತ್ತು ಪುಟ ಬರೆದಿಟ್ಟುಕೊಂಡು ಹೋದರೆ ಆ ಹತ್ತು ಪುಟಕ್ಕಾದರೂ ರಕ್ಷಣೆ ಇರುತ್ತದೆ.

ಬೆವರು ಸುರಿಸಿದ ಮಾತ್ರಕ್ಕೂ ಹಕ್ಕು ಬರುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಟೆಲಿಫೋನ್ ಡೈರೆಕ್ಟರಿಯ ಹೆಸರು-ನಂಬರ್ ಪಟ್ಟಿಗೆ ಕಾಪಿರೈಟ್ ಇಲ್ಲ ಎಂದಿತು. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುವುದರಲ್ಲಿ ಸೃಜನಶೀಲತೆ ಏನೂ ಇಲ್ಲವಲ್ಲ. ಶೀರ್ಷಿಕೆ, ಹೆಸರು, ಎರಡು ಮೂರು ಪದಗಳ ಘೋಷಣೆ ಇವಕ್ಕೂ ಸಾಮಾನ್ಯವಾಗಿ ಇಲ್ಲ.

ಇನ್ನು ಎಐ. ಮನುಷ್ಯರ ಕೈ ಇಲ್ಲದೆ ಯಂತ್ರವೇ ತಯಾರಿಸಿದ ಚಿತ್ರಕ್ಕೆ ಅಮೆರಿಕದಲ್ಲಿ ಕಾಪಿರೈಟ್ ಸಿಗುವುದಿಲ್ಲ. 2025ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎಐ ಚಿತ್ರಗಳಿದ್ದ ಒಂದು ಕಾಮಿಕ್ ಪುಸ್ತಕಕ್ಕೆ 2023ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಅರ್ಧಂಬರ್ಧ ಹಕ್ಕು ಕೊಟ್ಟಿತು: ಮಾತುಗಳಿಗೆ ಮತ್ತು ಪುಟದ ಜೋಡಣೆಗೆ ಹೌದು, ಬಿಡಿ ಚಿತ್ರಗಳಿಗೆ ಇಲ್ಲ. ಎಐ ನೆರವಿನಿಂದ ಕೆಲಸ ಮಾಡುವವರು ತಾವು ಕೈಯಾರೆ ಮಾಡಿದ್ದು ಯಾವುದು ಎಂದು ತೋರಿಸುವ ಹಾಗೆ ಕರಡುಗಳನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಸುಮ್ಮನಿರುವುದೋ, ನೋಂದಣಿಯೋ?

ಇದಕ್ಕೆ ಉತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್‌ನಲ್ಲಿ ಸರ್ಕಾರಿ ಕಾಪಿರೈಟ್ ನೋಂದಣಿ ಎಂಬುದೇ ಇಲ್ಲ. ಹಾಗಾಗಿ ಅಲ್ಲಿ ಆಯ್ಕೆಯ ಪ್ರಶ್ನೆಯೂ ಇಲ್ಲ.

ಭಾರತದಲ್ಲಿ ನೋಂದಣಿ ಇದೆ, ಕಡ್ಡಾಯವಿಲ್ಲ. 1957ರ ಕಾಪಿರೈಟ್ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ರಿಜಿಸ್ಟರ್‌ನಲ್ಲಿರುವ ವಿವರವನ್ನು ಕೋರ್ಟ್ ಮೇಲ್ನೋಟದ ಸಾಕ್ಷ್ಯವಾಗಿ ಒಪ್ಪುತ್ತದೆ. ಎದುರಾಳಿ ಬೇರೆ ಸಾಕ್ಷಿ ತಂದು ಅದನ್ನು ಅಲ್ಲಗಳೆಯಬಹುದು. ಆದರೆ ಆ ಭಾರ ಅವರ ತಲೆ ಮೇಲೆ. ಅರ್ಜಿ ಹಾಕಿದ ಮೇಲೆ ಡೈರಿ ನಂಬರ್, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಬರುತ್ತದೆ. ಯಾರಾದರೂ ಆಕ್ಷೇಪ ಎತ್ತುತ್ತಾರೋ ನೋಡಲು 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಸರ್ಟಿಫಿಕೇಟ್ ಕೈಗೆ ಬರುವುದು ನಿಧಾನ. ಕೇಸು ಹಾಕಲು ಅದು ಬೇಕೇ ಬೇಕು ಎಂದು ಕಾಯ್ದೆ ಹೇಳುವುದಿಲ್ಲ.

ಅಮೆರಿಕದಲ್ಲಿ ಕಥೆ ಪೂರ್ತಿ ಉಲ್ಟಾ. ಹಕ್ಕು ಅಲ್ಲೂ ತಾನಾಗಿ ಬರುತ್ತದೆ. ಆದರೆ ಅಮೆರಿಕದ ಕೃತಿಯಾಗಿದ್ದರೆ ನೋಂದಣಿ ಆಗುವ ತನಕ ಕೇಸು ಹಾಕುವ ಹಾಗಿಲ್ಲ. ಬರೀ ಅರ್ಜಿ ಕೊಟ್ಟರೆ ಸಾಲದು, ಕಚೇರಿ ಅದರ ಮೇಲೆ ತೀರ್ಮಾನ ತೆಗೆದುಕೊಂಡಿರಬೇಕು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಬೇರೆ ದೇಶದ ಕೃತಿಗಳಿಗೆ ಈ ತಡೆ ಇಲ್ಲ. ಆದರೂ ಅವರಿಗೂ ಅನ್ವಯಿಸುವ ಇನ್ನೊಂದು ನಿಯಮವಿದೆ, ಬಹಳ ಜನ ತಪ್ಪಿಸಿಕೊಳ್ಳುವುದೂ ಅದನ್ನೇ. ಉಲ್ಲಂಘನೆ ಶುರುವಾಗುವ ಮುಂಚೆ, ಇಲ್ಲವೇ ಕೃತಿ ಪ್ರಕಟವಾದ 3 ತಿಂಗಳೊಳಗೆ ನೋಂದಣಿ ಆಗಿದ್ದರೆ ಮಾತ್ರ ಕಾಯ್ದೆಯೇ ನಿಗದಿ ಮಾಡಿದ ಪರಿಹಾರ ಮತ್ತು ವಕೀಲರ ಖರ್ಚು ಕೇಳಬಹುದು. ಆ ಪರಿಹಾರ ಒಂದು ಕೃತಿಗೆ 750ರಿಂದ 30,000 ಡಾಲರ್. ಬೇಕೆಂದೇ ಮಾಡಿದ ಉಲ್ಲಂಘನೆಯಾದರೆ 1,50,000 ಡಾಲರ್ ತನಕ ಏರಬಹುದು. ನೋಂದಣಿ ತಡವಾದರೆ ನಿಮಗೆ ಎಷ್ಟು ನಷ್ಟವಾಯಿತು, ಅವರಿಗೆ ಎಷ್ಟು ಲಾಭ ಬಂತು ಎಂದು ಲೆಕ್ಕ ಕೊಟ್ಟು ಸಾಬೀತು ಮಾಡಬೇಕು. ಒಂದು ಫೋಟೋ ಕದ್ದವರ ವಿರುದ್ಧ ಇಂಥ ಲೆಕ್ಕ ಹಿಡಿದು ಹೊರಟರೆ ವಕೀಲರ ಬಿಲ್ಲೇ ದೊಡ್ಡದಾಗುತ್ತದೆ.

ಹಾಗಾದರೆ ಯಾರು ನೋಂದಾಯಿಸಬೇಕು? ಸಿನಿಮಾ ಚಿತ್ರಕಥೆ, ಮಾರಾಟಕ್ಕಿರುವ ಪುಸ್ತಕ, ಸಾಫ್ಟ್‌ವೇರ್, ಹೊರದೇಶಗಳಲ್ಲಿ ಓಡಬಹುದಾದ ಸಂಗೀತ, ಇವುಗಳಿಗೆ ಮಾಡಿಸಿ. ಮುಖ್ಯವಾಗಿ ಹಣ ಹಾಕುವವರು ಬಂದು "ಹಕ್ಕು ನಿಮ್ಮದೇ ಅಂತ ಏನು ಗ್ಯಾರಂಟಿ?" ಎಂದು ಕೇಳುವ ಕೆಲಸಗಳಿಗೆ ಮಾಡಿಸಿ. ದಿನಾ ಹಾಕುವ ಫೋಟೋ, ಬಿಡಿ ಕವಿತೆ, ಸಣ್ಣ ಲೇಖನಗಳಿಗೆ ಒಂದೊಂದಕ್ಕೂ ನೋಂದಣಿ ಮಾಡಿಸುವುದು ನನ್ನ ದೃಷ್ಟಿಯಲ್ಲಿ ದಂಡ. ಬೇಕಿದ್ದರೆ ಕವಿತೆಗಳನ್ನೆಲ್ಲ ಒಂದು ಸಂಕಲನ ಮಾಡಿ ಒಟ್ಟಿಗೆ ಮಾಡಿಸಬಹುದು.

ನೋಂದಣಿ ಮಾಡಿಸದಿದ್ದರೆ ಪುರಾವೆ ಮಾತ್ರ ಗಟ್ಟಿಯಾಗಿರಬೇಕು. ತನಗೆ ತಾನೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪ್ರತಿ ಕಳಿಸಿ, ಲಕೋಟೆ ಒಡೆಯದೆ ಇಟ್ಟುಕೊಳ್ಳುವ ಹಳೆಯ ಉಪಾಯ ಒಂದಿದೆ ನೋಡಿ. ಅದರ ಮೇಲೆ ನಂಬಿಕೆ ಬೇಡ. ಅದು ನೋಂದಣಿಗೆ ಬದಲಿಯಲ್ಲ ಎಂದು ಅಮೆರಿಕದ ಕಾಪಿರೈಟ್ ಕಚೇರಿಯೇ ಹೇಳುತ್ತದೆ. ಖಾಲಿ ಲಕೋಟೆ ಪೋಸ್ಟ್ ಮಾಡಿ ಆಮೇಲೆ ಏನು ಬೇಕಾದರೂ ತುಂಬಬಹುದಲ್ವಾ? ಅದಕ್ಕಿಂತ ಕೆಲಸ ಬೆಳೆದು ಬಂದ ಹಾದಿಯೇ ಒಳ್ಳೆಯ ಸಾಕ್ಷಿ. ಚಿತ್ರಕಾರರ ಬಳಿ ಪದರಗಳಿರುವ ಮೂಲ ಫೈಲ್ ಇರುತ್ತದೆ. ಕದ್ದವರ ಬಳಿ ಚಪ್ಪಟೆಯಾದ ಜೆಪೆಗ್ ಮಾತ್ರ. ಫೋಟೋಗ್ರಾಫರ್ ಬಳಿ ಕ್ಯಾಮೆರಾ ಸೆರೆಹಿಡಿದ ಕಚ್ಚಾ ರೂಪದ ರಾ ಫೈಲ್ ಇರುತ್ತದೆ, ಆ ಚಿತ್ರದ ಹಿಂದೆ ಮುಂದೆ ತೆಗೆದ ಹತ್ತು ಕ್ಲಿಕ್‌ಗಳೂ ಇರುತ್ತವೆ. ಅದನ್ನು ಯಾವ ಕಳ್ಳನೂ ತಂದುಕೊಡಲಾರ. ಬರಹಗಾರರ ಬಳಿ ಕಾಟು ಹಾಕಿದ ಕರಡುಗಳು, ಗೆಳೆಯರಿಗೆ ಓದಲು ಕಳಿಸಿದ ಇಮೇಲ್‌ಗಳು ಇರುತ್ತವೆ. ಇವನ್ನು ಅಳಿಸಬೇಡಿ. ಬೇರೆ ಬೇರೆ ಎರಡು ಕಡೆ ಉಳಿಸಿ.

ಲೈಸೆನ್ಸ್ ಕೊಡುವುದೋ, ಪೂರ್ತಿ ಬರೆದುಕೊಡುವುದೋ?

ಹಣ ಬರುವುದೂ ಇಲ್ಲಿಂದಲೇ, ಹಕ್ಕು ಹೋಗುವುದೂ ಇಲ್ಲಿಂದಲೇ. ಎರಡರ ಅಂತರ ಮನೆ ಬಾಡಿಗೆಗೆ ಕೊಡುವುದಕ್ಕೂ ಕ್ರಯಪತ್ರ ಮಾಡಿಕೊಡುವುದಕ್ಕೂ ಇರುವಷ್ಟೇ. ಲೈಸೆನ್ಸ್ ಕೊಟ್ಟರೆ ಮಾಲೀಕರು ನೀವೇ. ಹಕ್ಕು ವರ್ಗಾಯಿಸಿದರೆ ನಾಳೆ ನಿಮ್ಮದೇ ಚಿತ್ರವನ್ನು ನಿಮ್ಮದೇ ಪುಸ್ತಕದಲ್ಲಿ ಹಾಕಲು ಅವರ ಅನುಮತಿ ಕೇಳಬೇಕಾಗಬಹುದು.

ಲೈಸೆನ್ಸ್‌ನಲ್ಲೂ ಎರಡು ಬಗೆ. ಒಬ್ಬರಿಗೇ ಕೊಟ್ಟರೆ ಆ ಅವಧಿಯಲ್ಲಿ ಬೇರೆ ಯಾರಿಗೂ ಕೊಡುವಂತಿಲ್ಲ. ಎಷ್ಟೋ ಸಲ ನೀವೇ ಬಳಸುವಂತಿಲ್ಲ. ಹಲವರಿಗೆ ಕೊಡುವ ಬಗೆಯಲ್ಲಿ ಒಂದೇ ಫೋಟೋವನ್ನು ಹತ್ತು ಜನರಿಗೆ ಕೊಡಬಹುದು, ದರ ಕಮ್ಮಿ ಸಿಗುತ್ತದೆ. ಪ್ರಕಾಶಕರು, ಸಿನಿಮಾದವರು ಕೇಳುವುದು ಮೊದಲನೆಯದನ್ನು. ಕೊಡಿ, ಆದರೆ ಯಾವ ರೂಪಕ್ಕೆ, ಯಾವ ಭಾಷೆಗೆ, ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಎಂದು ನಾಲ್ಕನ್ನೂ ಬರೆಸಿ. ಅಚ್ಚು ಪುಸ್ತಕದ ಹಕ್ಕು ಕೊಟ್ಟ ಕೂಡಲೇ ಆಡಿಯೋ, ಅನುವಾದ, ಸಿನಿಮಾ ಹಕ್ಕು ಅದರ ಬೆನ್ನಿಗೇ ಹೋಗಬೇಕಾಗಿಲ್ಲ.

ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ಕಾನೂನು ತಾನೇ ಖಾಲಿ ಜಾಗ ತುಂಬುತ್ತದೆ. ಇದನ್ನು ತಿಳಿದಿರುವವರು ಕಮ್ಮಿ. ಭಾರತದ ಕಾಯ್ದೆ ಇದರಲ್ಲಿ ಲೇಖಕರ ಪರ ಸಾಕಷ್ಟು ವಾಲುತ್ತದೆ. ವರ್ಗಾವಣೆ ಬರಹದಲ್ಲೇ ಇರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಭಾಗದ ವರ್ಗಾವಣೆ ಬಿದ್ದುಹೋಗುತ್ತದೆ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕರಾರು ಮಾಡಿಕೊಂಡಾಗ ಇಲ್ಲದಿದ್ದ ಹೊಸ ಮಾಧ್ಯಮವೊಂದು ಮುಂದೆ ಬಂದರೆ, ಅದನ್ನು ಹೆಸರಿಸಿ ಬರೆದಿಲ್ಲದ ಹೊರತು ಆ ಹಕ್ಕು ಹೋಗುವುದಿಲ್ಲ. ಸಿನಿಮಾಕ್ಕೆ ಬರೆದ ಸಾಹಿತ್ಯ ಮತ್ತು ಸಂಗೀತ ಚಿತ್ರಮಂದಿರದ ಆಚೆ ಬಳಕೆಯಾದಾಗ ಬರುವ ರಾಯಲ್ಟಿಯ ಸಮಪಾಲನ್ನು ಕರ್ತೃಗಳು ಬಿಟ್ಟುಕೊಡುವಂತೆಯೇ ಇಲ್ಲ. ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟರೂ ಅದು ಊರ್ಜಿತವಲ್ಲ.

ಅಮೆರಿಕದಲ್ಲಿ ಬೇರೆ ಥರದ ದಾರಿ ಇದೆ. 1978ರ ನಂತರ ಲೇಖಕರೇ ಬರೆದುಕೊಟ್ಟ ಹಕ್ಕನ್ನು 35 ವರ್ಷ ಕಳೆದ ಮೇಲೆ, ಮೊದಲೇ ನೋಟಿಸ್ ಕೊಟ್ಟು, ವಾಪಸ್ ಪಡೆಯಬಹುದು. ಕರಾರಿನಲ್ಲಿ "ಶಾಶ್ವತವಾಗಿ" ಎಂದಿದ್ದರೂ ಸರಿ. ಆದರೆ ಕಂಪನಿಗಾಗಿಯೇ ಮಾಡಿದ ಕೆಲಸ ಎಂಬ ಲೆಕ್ಕಕ್ಕೆ ಬಂದರೆ ಈ ಅವಕಾಶ ಇಲ್ಲ.

ಅಲ್ಲೇ ಮುಂದಿನ ಗೊಂದಲ. ಸಂಬಳಕ್ಕೆ ಕೆಲಸ ಮಾಡುವವರ ಕೆಲಸದ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ಇದರಲ್ಲಿ ಎರಡೂ ದೇಶ ಹೆಚ್ಚುಕಮ್ಮಿ ಒಂದೇ. ಬಿಡಿ ಕೆಲಸ ಒಪ್ಪಿಕೊಂಡವರದ್ದು? ಅಮೆರಿಕದಲ್ಲಿ ಒಂದು ಸಂಸ್ಥೆ ಮನೆಯಿಲ್ಲದವರ ಬವಣೆ ತೋರಿಸುವ ಶಿಲ್ಪ ಮಾಡಿಸಿತ್ತು. ಕಾಪಿರೈಟ್ ಬಗ್ಗೆ ಯಾರೂ ಮಾತಾಡಿರಲಿಲ್ಲ, ಬರೆದ ಕರಾರೂ ಇರಲಿಲ್ಲ. ಆಮೇಲೆ ಜಗಳ ಬಂತು. 1989ರಲ್ಲಿ ಸುಪ್ರೀಂ ಕೋರ್ಟ್ ಶಿಲ್ಪಿ ನೌಕರರಲ್ಲ, ತಮ್ಮದೇ ಉಪಕರಣದಲ್ಲಿ ತಮ್ಮದೇ ಜಾಗದಲ್ಲಿ ಕೆಲಸ ಮಾಡಿದ ಸ್ವತಂತ್ರ ಕಲಾವಿದರು, ಹಾಗಾಗಿ ಇದು ಸಂಸ್ಥೆಗಾಗಿ ಮಾಡಿದ ನೌಕರಿ ಕೆಲಸವಲ್ಲ ಎಂದಿತು.

ಭಾರತದಲ್ಲಿ ಇದೇ ಪ್ರಶ್ನೆಗೆ ಉತ್ತರ ಕೆಲಸದ ಬಗೆಯ ಮೇಲೆ ನಿಂತಿದೆ. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರ, ಮಾಡಿಸಿದ ಸಿನಿಮಾ: ಇವುಗಳಿಗೆ ಬೇರೆ ಕರಾರಿಲ್ಲದಿದ್ದರೆ ಮೊದಲ ಮಾಲೀಕರು ಮಾಡಿಸಿದವರೇ. ಲೇಖನ, ಕಥೆ, ಅನುವಾದ ಬರೆಸಿದರೆ ಹಾಗಲ್ಲ, ಅದು ಬರೆದವರದ್ದೇ. ಅಂದರೆ ಮದುವೆ ಫೋಟೋ ತೆಗೆಯುವವರು ಆ ಚಿತ್ರಗಳನ್ನು ತಮ್ಮ ಜಾಹೀರಾತಿಗೆ ಬಳಸಬೇಕೆಂದಿದ್ದರೆ ಮುಂಚೆಯೇ ಒಂದು ಸಾಲು ಬರೆಸಿಕೊಳ್ಳಬೇಕು. ಪತ್ರಿಕೆಯ ನೌಕರರ ವಿಷಯದಲ್ಲಿ ಕಾಯ್ದೆಗೆ ಒಂದು ಚೆಂದದ ಮಧ್ಯದಾರಿ ಇದೆ: ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು, ಉಳಿದದ್ದೆಲ್ಲ ಬರೆದವರದ್ದು. ಬೇರೆ ಒಪ್ಪಂದ ಇಲ್ಲದಿದ್ದರೆ ಎಂಬ ಷರತ್ತು ಇಲ್ಲೂ ಇದೆ. ಈಗಿನ ನೇಮಕಾತಿ ಪತ್ರಗಳಲ್ಲಿ ಆ ಬೇರೆ ಒಪ್ಪಂದ ಇದ್ದೇ ಇರುವುದುಂಟು, ನೋಡಿಕೊಳ್ಳಿ.

ಕರಾರಿನ ಪ್ರತಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಒಂದು ಸಾಲನ್ನು. "ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ವಿಶ್ವಾದ್ಯಂತ, ಶಾಶ್ವತವಾಗಿ" ಎಂಬುದು ಆ ಸಾಲು. ಸಾಮಾನ್ಯವಾಗಿ ಮೂರನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಕೂತಿರುತ್ತದೆ. ಅದನ್ನು ಹೊಡೆದುಹಾಕಿ "ಅಚ್ಚು ಮತ್ತು ಇ-ಪುಸ್ತಕ ರೂಪದಲ್ಲಿ, ಕನ್ನಡದಲ್ಲಿ, 5 ವರ್ಷಗಳಿಗೆ, ನಂತರ ಪರಸ್ಪರ ಒಪ್ಪಿಗೆಯಿಂದ ನವೀಕರಣ" ಎಂದು ಬರೆದು ವಾಪಸ್ ಕಳಿಸಿ. ಎದುರಿನವರು ಒಪ್ಪುವುದೂ ಉಂಟು. ಒಪ್ಪದಿದ್ದರೆ ದರ ಜಾಸ್ತಿ ಕೇಳಲು ಅದೇ ಕಾರಣ ಆಯಿತು. ಲೋಗೋದಂಥ ಕೆಲಸಕ್ಕೆ ಮಾತ್ರ ಪೂರ್ತಿ ಬರೆದುಕೊಡುವುದೇ ಸರಿ. ಅವರ ಗುರುತಿನ ಹಕ್ಕು ನಿಮ್ಮ ಹತ್ತಿರ ಇದ್ದು ಏನು ಪ್ರಯೋಜನ? ಆದರೆ ಪೂರ್ತಿ ಹಣ ಬಂದ ದಿನದಿಂದ ವರ್ಗಾವಣೆ ಜಾರಿಗೆ ಬರುತ್ತದೆ ಎಂದು ಬರೆಸಿ. ಬಾಕಿ ವಸೂಲಿಗೆ ಇದಕ್ಕಿಂತ ಒಳ್ಳೆಯ ಹತ್ಯಾರ ಇಲ್ಲ.

ಎಲ್ಲ ಬರೆದುಕೊಟ್ಟರೂ ಉಳಿಯುವ ಒಂದು ಪಾಲಿದೆ. ಕೃತಿ ನನ್ನದು ಎಂದು ಹೇಳಿಕೊಳ್ಳುವ ಹಕ್ಕು, ನನ್ನ ಮಾನಕ್ಕೆ ಕುಂದು ಬರುವ ಹಾಗೆ ಅದನ್ನು ಕೆಡಿಸಬಾರದು ಎನ್ನುವ ಹಕ್ಕು. ಇದನ್ನು ನೈತಿಕ ಹಕ್ಕು ಎನ್ನುತ್ತಾರೆ. 1928ರಲ್ಲಿ ಬರ್ನ್ ಒಪ್ಪಂದಕ್ಕೆ ಸೇರಿತು, ಭಾರತದ ಕಾಯ್ದೆಯಲ್ಲಿ 57ನೇ ಸೆಕ್ಷನ್. ಶಿಲ್ಪಿ ಅಮರನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನದ ಗೋಡೆಗೆ ಭಾರೀ ಕಂಚಿನ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ತುಂಡುಗಳು ಹಾಳಾದವು, ಕೆಲವು ಕಾಣೆಯೂ ಆದವು. ಶಿಲ್ಪ ಸರ್ಕಾರದ ಸ್ವತ್ತಾಗಿತ್ತು. ಆದರೂ ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದದ್ದನ್ನು ಶಿಲ್ಪಿಗೆ ವಾಪಸ್ ಕೊಟ್ಟು 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಬೇಕೆಂದು ತೀರ್ಪಿತ್ತಿತು. ಬ್ರಿಟನ್‌ನಲ್ಲಿ ಮಾತ್ರ ಹುಷಾರು, ಅಲ್ಲಿ ಬರಹದಲ್ಲಿ ಸಹಿ ಮಾಡಿ ನೈತಿಕ ಹಕ್ಕನ್ನೂ ಬಿಟ್ಟುಕೊಡಬಹುದು. ಕರಾರುಗಳಲ್ಲಿ ಆ ಸಾಲೂ ಇರುತ್ತದೆ.

ಕ್ರಿಯೇಟಿವ್ ಕಾಮನ್ಸ್: ತೆರೆದಿಡುವವರಿಗೆ

ಕದಿಯುವವರಿಗಿಂತ ಯಾರೂ ನೋಡದೇ ಹೋಗುವುದೇ ನಿಮ್ಮ ಚಿಂತೆಯಾದರೆ ಈ ದಾರಿ. 2001ರಲ್ಲಿ ಶುರುವಾದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರಲ್ಲಿ ಮೊದಲ ಲೈಸೆನ್ಸ್‌ಗಳನ್ನು ಹೊರತಂದಿತು. ಈಗ ಬಳಕೆಯಲ್ಲಿರುವ 4.0 ಆವೃತ್ತಿ ಬಂದದ್ದು 2013ರಲ್ಲಿ. ಹಕ್ಕು ನಿಮ್ಮ ಹತ್ತಿರವೇ ಇರುತ್ತದೆ, ಷರತ್ತು ಪಾಲಿಸುವವರಿಗೆ ಮೊದಲೇ ಅನುಮತಿ ಕೊಟ್ಟಿರುತ್ತೀರಿ, ಅಷ್ಟೇ.

ಲೈಸೆನ್ಸ್‌ಗಳು ಆರು, ಷರತ್ತುಗಳು ನಾಲ್ಕು. ಹೆಸರು ಹಾಕಿ ಎಂಬುದು ಆರರಲ್ಲೂ ಇದೆ, ಬೈ ಎಂದರೆ ಅದೇ. ಎಸ್‌ಎ ಎಂದರೆ ಬದಲಿಸಿ ಹೊಸದು ಮಾಡಿದರೆ ಅದನ್ನೂ ಇದೇ ಲೈಸೆನ್ಸ್‌ನಲ್ಲಿ ಕೊಡಿ ಎಂದು. ಎನ್‌ಸಿ ಎಂದರೆ ವ್ಯಾಪಾರಕ್ಕೆ ಬೇಡ. ಎನ್‌ಡಿ ಎಂದರೆ ಬದಲಿಸಿದ್ದನ್ನು ಹಂಚಬೇಡಿ.

ಎನ್‌ಸಿ ನೋಡಲು ಸುರಕ್ಷಿತ ಅನ್ನಿಸುತ್ತದೆ. ಬಹಳ ಜನ ಕಣ್ಣುಮುಚ್ಚಿ ಅದನ್ನೇ ಆರಿಸುತ್ತಾರೆ. ಆದರೆ ವ್ಯಾಪಾರ ಎಲ್ಲಿಂದ ಶುರು? ಜಾಹೀರಾತು ಇರುವ ಬ್ಲಾಗ್ ವ್ಯಾಪಾರವೇ? ಅನುಮಾನ ಬಂದವರು ಬಳಸದೆ ಬಿಡುತ್ತಾರೆ. ವಿಕಿಪೀಡಿಯ ಬಳಗದ ಚಿತ್ರಭಂಡಾರ ಎನ್‌ಸಿ ಮತ್ತು ಎನ್‌ಡಿ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಎನ್‌ಡಿ ಹಾಕಿದರೆ ಅನುವಾದ ಮಾಡಿ ಹಂಚುವಂತೆಯೂ ಇಲ್ಲ. ಕನ್ನಡದಲ್ಲಿ ಬರೆದದ್ದು ಬೇರೆ ಭಾಷೆಗೆ ಹೋಗಲಿ ಎಂದು ಆಸೆಪಡುವವರು ಇದನ್ನು ಮರೆತುಬಿಡುತ್ತಾರೆ.

ಎಸ್‌ಎ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. ಅಮೆರಿಕದ ಫೋಟೋಗ್ರಾಫರ್ ಒಬ್ಬರು ಕಾಲುವೆಯ ಚಿತ್ರವೊಂದನ್ನು ಬೈ-ಎಸ್‌ಎ ಲೈಸೆನ್ಸ್‌ನಲ್ಲಿ ಫೋಟೋ ಹಂಚುವ ತಾಣ ಫ್ಲಿಕರ್‌ಗೆ ಹಾಕಿದ್ದರು. ಒಂದು ನಕ್ಷೆ ಪ್ರಕಾಶನ ಸಂಸ್ಥೆ ಅದನ್ನು ಮಾರಾಟದ ಅಟ್ಲಾಸ್‌ನ ಮುಖಪುಟಕ್ಕೆ ಹಾಕಿಕೊಂಡು, ಹಿಂಬದಿಯಲ್ಲಿ ಹೆಸರು ಮತ್ತು ಲೈಸೆನ್ಸ್ ಮುದ್ರಿಸಿತು. ಹಾಗಾದರೆ ಇಡೀ ಅಟ್ಲಾಸನ್ನೇ ಮುಕ್ತವಾಗಿ ಕೊಡಬೇಕಿತ್ತು ಎಂದು ಫೋಟೋಗ್ರಾಫರ್ ಕೋರ್ಟಿಗೆ ಹೋದರು. 2015ರಲ್ಲಿ ತೀರ್ಪು ಬಂತು. ಅಟ್ಲಾಸ್ ಆ ಫೋಟೋವನ್ನು ಬದಲಿಸಿ ಮಾಡಿದ್ದಲ್ಲ, ಅದರ ಪಕ್ಕದಲ್ಲಿರುವ ಬೇರೆ ಕೃತಿ. ಷರತ್ತು ತಪ್ಪಿಲ್ಲ. ಫೋಟೋಗ್ರಾಫರ್‌ಗೆ ಏನೂ ಸಿಗಲಿಲ್ಲ. ಮಾರಾಟಕ್ಕೆ ಬಳಸಿದರೆ ನಿಮಗೆ ಹೊಟ್ಟೆ ಉರಿಯುತ್ತದೆ ಅನ್ನುವುದಾದರೆ ಬೈ-ಎಸ್‌ಎ ಬೇಡವೇ ಬೇಡ.

ಇನ್ನೆರಡು ಎಚ್ಚರಿಕೆ. ಒಂದು, ಈ ಲೈಸೆನ್ಸ್ ವಾಪಸ್ ಪಡೆಯಲು ಬರುವುದಿಲ್ಲ. ನಾಳೆಯಿಂದ ಹಂಚುವುದನ್ನು ನಿಲ್ಲಿಸಬಹುದು, ನಿನ್ನೆ ತೆಗೆದುಕೊಂಡವರ ಅನುಮತಿ ಹಾಗೇ ಇರುತ್ತದೆ. ಎರಡು, ಅದು ಫೋಟೋದಲ್ಲಿರುವ ವ್ಯಕ್ತಿಯ ಒಪ್ಪಿಗೆಯನ್ನು ಕೊಡಲಾರದು. 2007ರಲ್ಲಿ ಆಸ್ಟ್ರೇಲಿಯಾದ ಒಂದು ಫೋನ್ ಜಾಹೀರಾತಿನಲ್ಲಿ ಅಮೆರಿಕದ ಹದಿಹರೆಯದ ಹುಡುಗಿಯೊಬ್ಬಳ ಮುಖ ದೊಡ್ಡದಾಗಿ ಬಂತು. ಪರಿಚಯದವರು ಬೈ ಲೈಸೆನ್ಸ್‌ನಲ್ಲಿ ನೆಟ್‌ಗೆ ಹಾಕಿದ್ದ ಫೋಟೋ ಅದು. ಕಾಪಿರೈಟ್ ಲೆಕ್ಕದಲ್ಲಿ ಬಾಗಿಲು ತೆರೆದೇ ಇತ್ತು. ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಜನರ ಮುಖ ಇರುವ ಚಿತ್ರಗಳಿಗೆ, ಅದರಲ್ಲೂ ಮಕ್ಕಳ ಚಿತ್ರಗಳಿಗೆ, ಮುಕ್ತ ಲೈಸೆನ್ಸ್ ಹಾಕಬೇಡಿ ಎಂದೇ ನಾನು ಹೇಳುತ್ತೇನೆ.

ಸಾಫ್ಟ್‌ವೇರ್ ಬರೆಯುವವರು ಇವನ್ನು ಬಿಟ್ಟು ಎಂಐಟಿ ಅಥವಾ ಜಿಪಿಎಲ್ ಎಂಬ ಸಾಫ್ಟ್‌ವೇರ್ ಲೈಸೆನ್ಸ್‌ಗಳ ಕಡೆ ಹೋಗಬೇಕು. ಕ್ರಿಯೇಟಿವ್ ಕಾಮನ್ಸ್‌ನವರೇ ಸಾಫ್ಟ್‌ವೇರ್‌ಗೆ ತಮ್ಮದು ಬೇಡ ಎನ್ನುತ್ತಾರೆ. ಯಾರು ಬೇಕಾದರೂ, ಮುಚ್ಚಿದ ಉತ್ಪನ್ನದಲ್ಲೂ ಬಳಸಲಿ ಎಂದರೆ ಎಂಐಟಿ. ನನ್ನ ಕೋಡ್ ಸೇರಿಸಿ ಹಂಚುವವರು ತಮ್ಮದನ್ನೂ ತೆರೆಯಲಿ ಎಂದರೆ ಜಿಪಿಎಲ್.

ಪೂರ್ತಿ ಕೈಬಿಡುವುದು

ಹೆಸರೂ ಬೇಡ ಎನ್ನುವವರಿಗೆ ಕ್ರಿಯೇಟಿವ್ ಕಾಮನ್ಸ್‌ನವರದ್ದೇ (ಸಿಸಿ ಎಂದರೆ ಅದೇ), 2009ರಲ್ಲಿ ಬಂದ ಸಿಸಿ ಝೀರೋ ಇದೆ. ದತ್ತಾಂಶ, ನಕ್ಷೆಯ ಚಿಹ್ನೆ, ಅಕ್ಷರ ಮಾದರಿ, ಪಾಠದ ಚಿತ್ರಗಳಂಥವಕ್ಕೆ ಇದು ಚೆನ್ನ. ಸಾವಿರ ಜನ ಸೇರಿ ಮಾಡಿದ್ದರಲ್ಲಿ ಸಾವಿರ ಹೆಸರು ಹಾಕುತ್ತ ಕೂರುವುದು ಕಷ್ಟ. ಆದರೆ ಕೈಬಿಟ್ಟ ಮೇಲೆ ತಿರುಗಿ ಕೇಳುವಂತಿಲ್ಲ. ಅಮೆರಿಕದ ಫೋಟೋಗ್ರಾಫರ್ ಕ್ಯಾರೊಲ್ ಹೈಸ್ಮಿತ್ ತಮ್ಮ ಸಾವಿರಾರು ಚಿತ್ರಗಳನ್ನು ಅಲ್ಲಿನ ದೊಡ್ಡ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸಾರ್ವಜನಿಕರ ಬಳಕೆಗೆಂದು ಕೊಟ್ಟಿದ್ದರು. ಆಮೇಲೆ ಒಂದು ಫೋಟೋ ಏಜೆನ್ಸಿಯ ಪರವಾಗಿ ಅವರ ಕೈಗೇ ಒಂದು ಪತ್ರ ಬಂತು: ತಮ್ಮದೇ ಫೋಟೋವನ್ನು ತಮ್ಮ ವೆಬ್‌ಸೈಟಿನಲ್ಲಿ ಬಳಸಿದ್ದಕ್ಕೆ ಹಣ ಕಟ್ಟಿ ಎಂದು! ಅವರು ಹೂಡಿದ ಕಾಪಿರೈಟ್ ದಾವೆಯನ್ನು 2016ರಲ್ಲಿ ಕೋರ್ಟ್ ತಳ್ಳಿಹಾಕಿತು. ಹಕ್ಕೇ ಇಲ್ಲದ ಮೇಲೆ ದಾವೆ ಯಾವುದರ ಮೇಲೆ? ನಿಮಗೆ ಕನಿಷ್ಠ ಹೆಸರಾದರೂ ಉಳಿಯಬೇಕು ಎಂದಿದ್ದರೆ ಸಿಸಿ ಬೈ ಸಾಕು, ಝೀರೋ ತನಕ ಹೋಗಬೇಡಿ.

ಬೇರೆ ಬಾಗಿಲು ತಟ್ಟಬೇಕಾದವರು

ಹೆಸರು, ಲೋಗೋ, ಸರಣಿಯ ಶೀರ್ಷಿಕೆ ಕಾಪಾಡಬೇಕಾದರೆ ಟ್ರೇಡ್‌ಮಾರ್ಕ್. ಯಂತ್ರ ಕೆಲಸ ಮಾಡುವ ಬಗೆಗೆ ಪೇಟೆಂಟ್. ಅದು 20 ವರ್ಷ, ಮತ್ತು ಅರ್ಜಿ ಹಾಕುವ ಮುಂಚೆ ಬಹಿರಂಗ ಮಾಡಿದರೆ ಹೆಚ್ಚಿನ ಕಡೆ ಕೈತಪ್ಪುತ್ತದೆ. ಸೀರೆ, ಆಟಿಕೆಗಳಿಗೆ ವಿನ್ಯಾಸ ಮಾಡುವವರು ಭಾರತದ ಒಂದು ನಿಯಮವನ್ನು ಗಮನಿಸಲೇಬೇಕು. ಡಿಸೈನ್ ಕಾಯ್ದೆಯಲ್ಲಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಹಾಕಿದ ವಸ್ತುವನ್ನು ಯಂತ್ರದ ಕ್ರಮದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಆ ವಿನ್ಯಾಸದ ಕಾಪಿರೈಟ್ ಮುಗಿದುಹೋಗುತ್ತದೆ. ಅಲ್ಲಿ ಸುಮ್ಮನಿರುವ ಆಯ್ಕೆಯೇ ಇಲ್ಲ.

ಕದ್ದಿದ್ದು ಕಣ್ಣಿಗೆ ಬಿದ್ದರೆ

ಇಲ್ಲೂ ಮೂರು ದಾರಿ. ನೇರ ಪತ್ರ, ತಾಣಕ್ಕೆ ದೂರು, ಕೋರ್ಟು. ಗೊತ್ತಿಲ್ಲದೆ ಬಳಸಿದವರಿಗೆ ಪತ್ರ ಸಾಕು. ಹೆಸರು ಹಾಕಿ ಅಥವಾ ಇಷ್ಟು ಹಣ ಕೊಡಿ ಎಂದರೆ ಎಷ್ಟೋ ಜನ ಒಪ್ಪುತ್ತಾರೆ. ಉತ್ತರ ಬರದಿದ್ದರೆ ತಾಣಕ್ಕೆ ದೂರು ಕೊಡಿ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯ ಕೆಳಗೆ ದೂರು ಬಂದ ಪುಟವನ್ನು ತಾಣಗಳು ಬೇಗ ತೆಗೆಯುತ್ತವೆ. ಹಾಕಿದವರು ಪ್ರತಿ ನೋಟಿಸ್ ಕೊಟ್ಟರೆ 10ರಿಂದ 14 ಕೆಲಸದ ದಿನಗಳಲ್ಲಿ ಪುಟ ವಾಪಸ್ ಬರುತ್ತದೆ, ಅಷ್ಟರೊಳಗೆ ನೀವು ಕೇಸು ಹಾಕಿರಬೇಕು. ಭಾರತದ ನಿಯಮದಲ್ಲಿ ದೂರು ಸಿಕ್ಕ 36 ಗಂಟೆಯೊಳಗೆ ಕ್ರಮ, ಆಮೇಲೆ 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಅದು ಮತ್ತೆ ತೆರೆದುಕೊಳ್ಳಬಹುದು. ಹಾಗಾಗಿ ದೂರು ಒತ್ತುವ ಮುಂಚೆ ವಕೀಲರ ಜೊತೆ ಒಂದು ಮಾತು ಆಡಿಟ್ಟುಕೊಳ್ಳಿ. ಪುಟದ ವಿಳಾಸ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ನೋಟಿಸ್ ಮುಟ್ಟಿದ ಮೇಲೆ ಆ ಪುಟ ಅಲ್ಲಿ ಇರುವುದಿಲ್ಲ.